ಬರುವ ದಾರಿ ಅಗಲ, ಹೋಗುವ ದಾರಿ ಕಿರಿದು

ಮನೆಗೆ ಇಂಟರ್‌ನೆಟ್ ಹಾಕಿಸುವಾಗ ನಾವೆಲ್ಲ ಕೇಳುವ ಪ್ರಶ್ನೆ ಒಂದೇ: "ಸ್ಪೀಡ್ ಎಷ್ಟು?" ಕೇಬಲ್‌ನವನೂ ಒಂದೇ ಸಂಖ್ಯೆ ಹೇಳುತ್ತಾನೆ. ಹಿಂದೆ 256 ಅನ್ನುತ್ತಿದ್ದ, ಆಮೇಲೆ 2 ಎಂಬಿ ಅಂದ, ಈಗ 100, 200 ಅನ್ನುತ್ತಾನೆ. ಆದರೆ ಯಾವುದೇ ಕನೆಕ್ಷನ್‌ಗೆ ಸಂಖ್ಯೆ ಎರಡಿರುತ್ತವೆ. ಹೊರಗಿನಿಂದ ಮನೆಯೊಳಕ್ಕೆ ಬರುವ ವೇಗ ಒಂದು, ಅದು ಡೌನ್‌ಲೋಡ್. ಮನೆಯಿಂದ ಹೊರಕ್ಕೆ ಹೋಗುವ ವೇಗ ಇನ್ನೊಂದು, ಅದು ಅಪ್‌ಲೋಡ್. ಈ ಎರಡನೆಯದನ್ನು ಕೇಳುವವರು ಕಡಿಮೆ. ತಾವಾಗಿ ಹೇಳುವವರು ಇನ್ನೂ ಕಡಿಮೆ.

ನಾನು ಬಿ.ಕಾಂ. ಓದಿದವನು, ಎಂಜಿನಿಯರ್ ಅಲ್ಲ. ಆದರೆ ಮೂವತ್ತು ಚಿಲ್ಲರೆ ವರ್ಷ ಬ್ಯಾಂಕಿನಲ್ಲಿ ಕೂತವನಿಗೆ ಒಂದು ಚಾಳಿ ಅಂಟಿಕೊಂಡಿರುತ್ತದೆ. ಜಮಾ ಕಾಲಂ ಕಂಡ ಕೂಡಲೇ ಕಣ್ಣು ತಾನಾಗಿ ಖರ್ಚಿನ ಕಾಲಂ ಕಡೆಗೆ ಓಡುತ್ತದೆ. ಅಂಧೇರಿಯ ನಮ್ಮಂಥ ಮನೆಗಳಲ್ಲಿ ಇಂಟರ್‌ನೆಟ್ಟಿನ ಈ ಎರಡನೆಯ ಕಾಲಂ ಇಷ್ಟು ವರ್ಷ ಯಾಕೆ ಬಡಕಲಾಗಿತ್ತು ಅಂತ ಹುಡುಕುತ್ತಾ ಹೋದರೆ ಸಿಕ್ಕಿದ್ದು ಒಂದು ಒಳ್ಳೆಯ ಇತಿಹಾಸ. ಅದರಲ್ಲಿ ಕಡಲು, ಟಿವಿ, ಮಿಕ್ಸಿ, ಸರಕಾರ ಎಲ್ಲವೂ ಬರುತ್ತವೆ. ಸ್ವಲ್ಪ ಉದ್ದವಿದೆ, ಒಂದು ಲೋಟ ಚಹಾ ಇಟ್ಟುಕೊಂಡು ಕೂತುಕೊಳ್ಳಿ.

ಮೊದಲು ಎರಡೂ ದಾರಿ ಸಮ

ಮುಂಬಯಿಗೂ ದೂರಸಂಪರ್ಕಕ್ಕೂ ಹಳೆಯ ನಂಟು. 1870ರಲ್ಲಿ ಗ್ರೇಟ್ ಈಸ್ಟರ್ನ್ ಅನ್ನುವ ದೈತ್ಯ ಹಡಗು ಮುಂಬಯಿಯಿಂದ ಏಡನ್‌ವರೆಗೆ ಸಮುದ್ರದ ತಳದಲ್ಲಿ ತಂತಿ ಹಾಸಿತು. ಅಲ್ಲಿಂದ ಸೂಯೆಜ್, ಮುಂದೆ ಲಂಡನ್. ಆ ತಂತಿಯಲ್ಲಿ ಲಂಡನ್ನಿನಿಂದ ಬರುವ ಸುದ್ದಿಗೆ ಇದ್ದ ದಾರಿಯೇ ಮುಂಬಯಿಯಿಂದ ಹೋಗುವ ಸುದ್ದಿಗೂ ಇತ್ತು. ನಮ್ಮ ಊರ ಕಡೆಯಿಂದ ಮುಂಬಯಿಗೆ ಬಂದ ಹೋಟೆಲ್ ಹುಡುಗರು, ಗುಮಾಸ್ತರು, ಮಿಲ್ ಕಾರ್ಮಿಕರು ನೆಚ್ಚಿಕೊಂಡದ್ದು ಅಂಚೆ ಮತ್ತು ತಂತಿಯನ್ನು. ಸಾವಿನ ಸುದ್ದಿ ಊರಿನಿಂದ ಬರುತ್ತಿತ್ತು, ಮನಿಯಾರ್ಡರ್ ಇಲ್ಲಿಂದ ಹೋಗುತ್ತಿತ್ತು. ಲೆಕ್ಕ ಹಾಕಿದರೆ ವಲಸೆ ಬಂದವರು ಪಡೆದದ್ದಕ್ಕಿಂತ ಕಳಿಸಿದ್ದೇ ಜಾಸ್ತಿ. ಕಳಿಸುವುದಕ್ಕೆಂದೇ ಅಲ್ಲವೇ ನಾವು ಇಲ್ಲಿಗೆ ಬಂದದ್ದು?

ಟೆಲಿಫೋನ್ ಕೂಡ ಹಾಗೆಯೇ. ಎರಡು ಬದಿಯವರಿಗೂ ಮಾತಿನ ಹಕ್ಕು ಸಮ. ಫೋನ್ ಸಿಗಲು ವರ್ಷಗಟ್ಟಲೆ ಕಾಯಬೇಕಿತ್ತು ಅನ್ನುವುದು ಬೇರೆ ಮಾತು. 1986ರ ಏಪ್ರಿಲ್‌ನಲ್ಲಿ ಮುಂಬಯಿ, ದೆಹಲಿಯ ಫೋನುಗಳಿಗಾಗಿ ಎಂಟಿಎನ್‌ಎಲ್, ವಿದೇಶಿ ಸಂಪರ್ಕಕ್ಕಾಗಿ ವಿಎಸ್‌ಎನ್‌ಎಲ್ ಹುಟ್ಟಿದವು. ಅದೇ ವರ್ಷ ಕೇಂದ್ರ ಸರಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ಅರ್ನೆಟ್ ಎಂಬ ಶೈಕ್ಷಣಿಕ ಜಾಲ ಶುರು ಮಾಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐಐಟಿಗಳು ಅದರಲ್ಲಿದ್ದವು. ಜೊತೆಗೆ ನಮ್ಮ ಅಂಧೇರಿಯ ಮಗ್ಗುಲಲ್ಲೇ, ಜುಹೂವಿನಲ್ಲಿದ್ದ ಎನ್‌ಸಿಎಸ್‌ಟಿ ಎಂಬ ಸಂಸ್ಥೆಯೂ ಇತ್ತು. ಅದನ್ನು ಕಟ್ಟಿದವರು ಶ್ರೀನಿವಾಸನ್ ರಮಣಿ, 2014ರಲ್ಲಿ ಇಂಟರ್‌ನೆಟ್ ಹಾಲ್ ಆಫ್ ಫೇಮ್‌ಗೆ ಸೇರಿದ ಹೆಸರು. 1980ರ ದಶಕದ ಕೊನೆಗೆ ಭಾರತದ ವಿದ್ವಾಂಸರ ಇಮೇಲ್‌ಗಳು ಅಮೆರಿಕಕ್ಕೆ ಹೋಗುತ್ತಿದ್ದದ್ದು ಜುಹೂವಿನ ಈ ಕಟ್ಟಡದ ಮೂಲಕ. ಜುಹೂಗೆ ಭೇಲ್‌ಪುರಿ ತಿನ್ನಲು ಹೋಗುವಾಗ ಆ ಗಲ್ಲಿಯನ್ನು ಹಾದುಹೋದ ಎಷ್ಟು ಮಂದಿಗೆ ಇದು ಗೊತ್ತಿತ್ತೋ!

ಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಫೋನ್ ಲೈನಿಗೆ ಮೋಡೆಮ್ ಕಟ್ಟಿ, ಅದು ಕೀಂ ಕೀಂ ಎಂದು ಅರಚಿ, ಹಣೆಬರಹ ಚೆನ್ನಾಗಿದ್ದರೆ ಲೈನ್ ಸಿಗುತ್ತಿತ್ತು. ವೇಗ 9.6 ಕೆಬಿಪಿಎಸ್, ಅಂದರೆ ಸೆಕೆಂಡಿಗೆ ಒಂದು ಪುಟದಷ್ಟೂ ಅಕ್ಷರ ಇಲ್ಲ. ಆದರೆ ಒಂದು ವಿಷಯ ಗಮನಿಸಿ, ಆ ಆಮೆ ಹೋಗುವಾಗಲೂ ಬರುವಾಗಲೂ ಒಂದೇ ನಡಿಗೆಯ ಆಮೆ. 1996ರ ಹೊತ್ತಿಗೆ ಬಂದ 33.6 ಕೆಬಿಪಿಎಸ್ ಮೋಡೆಮ್‌ಗಳೂ ಎರಡೂ ದಿಕ್ಕಿಗೆ ಸಮವೇ.

ತಕ್ಕಡಿ ಮೊದಲು ವಾಲಿದ್ದು 1998ರಲ್ಲಿ. ಆಗ ಬಂದ ವಿ.90 ಮಾದರಿಯ ಮೋಡೆಮ್‌ಗಳನ್ನು ಅಂಗಡಿಯವರು "56ಕೆ" ಅಂತ ಮಾರಿದರು. ಬರುವ ವೇಗ ಹೆಚ್ಚೆಂದರೆ 56, ಹೋಗುವ ವೇಗ ಮಾತ್ರ ಹಳೆಯ 33.6. ಡಬ್ಬದ ಮೇಲೆ ಅಚ್ಚಾದದ್ದು ದೊಡ್ಡ ಸಂಖ್ಯೆ ಒಂದೇ. ಎರಡನೆಯ ಕಾಲಂ ಕಾಣೆಯಾಗಲು ಶುರುವಾದದ್ದು ಅಲ್ಲಿಂದ.

ಟಿವಿ ತಂತಿಯ ಬೆನ್ನೇರಿ

ಇನ್ನೊಂದು ಕಡೆ ನಮ್ಮ ಬಿಲ್ಡಿಂಗುಗಳ ತಾರಸಿಯ ಮೇಲೆ ಬೇರೆಯೇ ಕಥೆ ನಡೆಯುತ್ತಿತ್ತು. 1980ರ ದಶಕದಲ್ಲಿ ಮುಂಬಯಿಯ ಎತ್ತರದ ಕಟ್ಟಡಗಳಲ್ಲಿ ಚುರುಕು ಹುಡುಗರು ಒಂದು ವಿಸಿಆರ್ ಇಟ್ಟು, ಅದರಿಂದ ಮನೆಮನೆಗೆ ತಂತಿ ಎಳೆದು, ತಿಂಗಳಿಗಿಷ್ಟು ಅಂತ ಹಣ ವಸೂಲಿ ಮಾಡಿ ಸಿನಿಮಾ ತೋರಿಸುತ್ತಿದ್ದರು. ಯಾವ ಲೈಸೆನ್ಸೂ ಇಲ್ಲ, ಯಾವ ಕಾನೂನೂ ಇಲ್ಲ. 1991ರ ಕೊಲ್ಲಿ ಯುದ್ಧದ ಹೊತ್ತಿಗೆ ಉಪಗ್ರಹದಿಂದ ಸಿಎನ್‌ಎನ್ ಬಂತು, ಆ ವರ್ಷವೇ ಸ್ಟಾರ್ ಟಿವಿ, 1992ರ ಅಕ್ಟೋಬರ್ 2ಕ್ಕೆ ಜೀ ಟಿವಿ. ತಾರಸಿಗಳಲ್ಲಿ ಕೊಡೆ ಮಗುಚಿಟ್ಟಂತೆ ಡಿಶ್ ಆಂಟೆನಾಗಳು ಎದ್ದವು. 1994ರಲ್ಲಿ ಉದಯ ಟಿವಿ ಬಂದಾಗ ಮುಂಬಯಿ ಕನ್ನಡಿಗರಿಗೆ ಹೊಸ ಕೆಲಸವೊಂದು ಶುರುವಾಯಿತು. ಕೇಬಲ್‌ನವನ ಹಿಂದೆ ಬಿದ್ದು "ಉದಯ ಹಾಕಪ್ಪಾ" ಅಂತ ದಮ್ಮಯ್ಯ ಹಾಕುವುದು! ನಾಲ್ಕು ಮನೆ ಶೆಟ್ಟರು, ಎರಡು ಮನೆ ರಾವ್‌ಗಳು ಸೇರಿ ಹೇಳಿದರೆ ಹಾಕುತ್ತಿದ್ದ, ಗುಜರಾತಿ ಚಾನೆಲ್ ಕೇಳುವವರು ಹೆಚ್ಚಾದರೆ ತೆಗೆಯುತ್ತಿದ್ದ. 1995ರಲ್ಲಿ ಕೇಬಲ್ ಟಿವಿ ಕಾನೂನು ಬಂದು ಇದೆಲ್ಲ ಒಂದು ಚೌಕಟ್ಟಿಗೆ ಸೇರಿತು.

1998ರ ನವೆಂಬರ್‌ನಲ್ಲಿ ಸರಕಾರ ಇಂಟರ್‌ನೆಟ್ ವ್ಯವಹಾರವನ್ನು ಖಾಸಗಿಯವರಿಗೆ ತೆರೆಯಿತು. ಆಗ ಕೆಲವರಿಗೆ ಹೊಳೆದದ್ದು ಸರಳ ಲೆಕ್ಕ. ಟಿವಿಯ ತಂತಿ ಹೇಗೂ ಮನೆಮನೆಗೆ ಹೋಗಿದೆ, ಅದರಲ್ಲೇ ಇಂಟರ್‌ನೆಟ್ಟೂ ಹರಿದರೆ? 2000ದ ಆಸುಪಾಸಿನಲ್ಲಿ ಹ್ಯಾಥ್‌ವೇಯಂಥ ಕಂಪೆನಿಗಳು ಮುಂಬಯಿಯಲ್ಲಿ ಕೇಬಲ್ ಇಂಟರ್‌ನೆಟ್ ಶುರು ಮಾಡಿದವು. ಫೋನ್ ಬಿಲ್ ಏರುವ ಭಯವಿಲ್ಲ, ಇಪ್ಪತ್ತನಾಲ್ಕು ಗಂಟೆಯೂ ಲೈನ್. ಡಯಲ್‌ಅಪ್‌ನಲ್ಲಿ ಬೆವರಿಳಿಸಿದವರಿಗೆ ಅದು ಸ್ವರ್ಗ.

ಆದರೆ ಆ ತಂತಿ ಹಾಕಿದ್ದು ಯಾಕೆ ಅಂತ ನೆನಪಿಡಿ. ಟಿವಿ ತೋರಿಸಲು. ನಮ್ಮ ಸೊಸೈಟಿಯ ತಾರಸಿಯ ನೀರಿನ ಟ್ಯಾಂಕ್ ನೋಡಿದ್ದೀರಲ್ಲ, ಅಲ್ಲಿಂದ ಕೆಳಗಿನ ಮನೆಗಳ ನಲ್ಲಿಗೆ ನೀರು ಸಲೀಸಾಗಿ ಇಳಿಯುತ್ತದೆ. ಕೆಳಗಿನ ಮನೆಯಿಂದ ಒಂದು ಕೊಡ ನೀರನ್ನು ಅದೇ ಪೈಪಿನಲ್ಲಿ ಟ್ಯಾಂಕಿಗೆ ಹತ್ತಿಸಿ ನೋಡೋಣ! ಕೇಬಲ್ ಜಾಲವೂ ಹಾಗೆಯೇ ಇತ್ತು. ದಾರಿಯುದ್ದಕ್ಕೂ ಸಿಗ್ನಲ್ಲಿಗೆ ಶಕ್ತಿ ತುಂಬುವ ಆಂಪ್ಲಿಫೈಯರ್‌ಗಳು ಮನೆಯ ಕಡೆಗೆ ಮಾತ್ರ ತಳ್ಳುತ್ತಿದ್ದವು. ವಾಪಸು ಬರುವ ಸಿಗ್ನಲ್ ಅನ್ನುವುದು ಅವುಗಳ ಜಾತಕದಲ್ಲೇ ಇರಲಿಲ್ಲ. ಇಂಟರ್‌ನೆಟ್‌ಗಾಗಿ ಎರಡೂ ಕಡೆ ಕೆಲಸ ಮಾಡುವ ಆಂಪ್ಲಿಫೈಯರ್‌ಗಳನ್ನು ಗಲ್ಲಿ ಗಲ್ಲಿಯಲ್ಲೂ ಹೊಸದಾಗಿ ಕೂರಿಸಬೇಕಾಯಿತು. ಅದಕ್ಕೆ ಹಣ ಬೇಕು. ಎಲ್ಲಿ ಎಷ್ಟು ಬೇಕೋ ಅಷ್ಟೇ ಹಾಕಿದರು.

ಮಿಕ್ಸಿ ಮಾಡುವ ಕಿತಾಪತಿ

ಈಗ ಸ್ವಲ್ಪ ತಾಂತ್ರಿಕ ವಿಷಯ. ಹೆದರಬೇಡಿ, ನನಗೆ ಅರ್ಥವಾದಷ್ಟೇ ಹೇಳುತ್ತೇನೆ.

ಕೇಬಲ್ ತಂತಿಯೊಳಗೆ ಬೇರೆ ಬೇರೆ ತರಂಗಾಂತರಗಳು ರಸ್ತೆಯ ಲೇನ್‌ಗಳ ಹಾಗೆ ಪಕ್ಕಪಕ್ಕ ಹೋಗುತ್ತವೆ. ಕೇಬಲ್ ಮೋಡೆಮ್‌ಗಳಿಗೆ ಡಾಕ್ಸಿಸ್ ಅನ್ನುವ ಅಂತಾರಾಷ್ಟ್ರೀಯ ನಿಯಮಾವಳಿ ಇದೆ, ಅಮೆರಿಕದ ಕೇಬಲ್‌ಲ್ಯಾಬ್ಸ್ 1997ರಲ್ಲಿ ರೂಪಿಸಿದ್ದು. ಅದರ ಪ್ರಕಾರ ಅಪ್‌ಲೋಡ್‌ಗೆ ಸಿಕ್ಕಿದ್ದು 5 ಮೆಗಾಹರ್ಟ್ಸ್‌ನಿಂದ 42ರವರೆಗಿನ ಓಣಿ, ಯುರೋಪ್ ಮಾದರಿಯಲ್ಲಾದರೆ 65ರವರೆಗೆ. ಅದರಿಂದಾಚೆ 800 ಚಿಲ್ಲರೆಯವರೆಗಿನ ಹೆದ್ದಾರಿಯೆಲ್ಲ ಟಿವಿ ಚಾನೆಲ್‌ಗಳಿಗೆ ಮತ್ತು ಡೌನ್‌ಲೋಡ್‌ಗೆ. ಟಿವಿ ಮೊದಲೇ ಬಂದು ಜಾಗ ಹಿಡಿದಿತ್ತು. ಲೋಕಲ್ ರೈಲಿನಲ್ಲಿ ವಿರಾರಿನಿಂದಲೇ ಕೂತು ಬಂದವರ ಹಾಗೆ ಅದು ಕೂತಿತ್ತು, ಅಂಧೇರಿಯಲ್ಲಿ ಹತ್ತಿದ ಅಪ್‌ಲೋಡ್‌ಗೆ ಸಿಕ್ಕಿದ್ದು ಬಾಗಿಲ ಹತ್ತಿರದ ಕಂಬಿ.

ಆ ಕಿರು ಓಣಿಯೂ ಸ್ವಚ್ಛವಾಗಿಲ್ಲ. ಮನೆಯ ಮಿಕ್ಸಿ, ಟ್ಯೂಬ್‌ಲೈಟಿನ ಚೋಕ್, ಫ್ರಿಜ್ಜಿನ ಮೋಟಾರು ಹೊರಡಿಸುವ ವಿದ್ಯುತ್ ಗಲಾಟೆ ಹೆಚ್ಚಾಗಿ ಬಂದು ಬೀಳುವುದು ಈ ಕೆಳಗಿನ ತರಂಗಾಂತರಗಳಲ್ಲೇ. ಡೌನ್‌ಲೋಡ್ ಒಂದು ಕಡೆಯಿಂದ ಹೊರಟು ನೂರು ಮನೆಗೆ ಹಂಚಿಹೋಗುತ್ತದೆ. ಅಪ್‌ಲೋಡ್ ನೂರು ಮನೆಯಿಂದ ಹೊರಟು ಒಂದು ಕಡೆ ಸೇರುತ್ತದೆ. ನೂರು ಮನೆಯ ಗಲಾಟೆಯೂ ಅದರ ಜೊತೆಗೆ ಸೇರಿಕೊಳ್ಳುತ್ತದೆ. ಮೂರನೇ ಮಾಳಿಗೆಯಲ್ಲಿ ಯಾರದೋ ಮನೆಯ ಜಾಯಿಂಟ್ ಸಡಿಲವಾಗಿ, ಮಳೆಗಾಲದಲ್ಲಿ ತುಕ್ಕು ಹಿಡಿದಿದ್ದರೆ, ಇಡೀ ಗಲ್ಲಿಯ ಅಪ್‌ಲೋಡ್ ಮುಗ್ಗರಿಸುತ್ತದೆ. ಗಲಾಟೆ ಹೆಚ್ಚಿದ್ದಲ್ಲಿ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡಬೇಕಲ್ಲ, ಮೋಡೆಮ್ ಮಾಡುವುದೂ ಅದನ್ನೇ. ಫೋನ್ ತಂತಿಯಲ್ಲಿ 2005ರಲ್ಲಿ ಎಂಟಿಎನ್‌ಎಲ್ ಟ್ರೈಬ್ಯಾಂಡ್ ತಂದಾಗಲೂ ಇದೇ ಹಾಡು. ಎಡಿಎಸ್‌ಎಲ್ ಅನ್ನುವುದರ ಮೊದಲ ಅಕ್ಷರದ ಅರ್ಥವೇ "ಅಸಮ". ಅಮೆರಿಕದ ಬೆಲ್‌ಕೋರ್ ಸಂಸ್ಥೆಯ ಜೋಸೆಫ್ ಲೆಕ್‌ಲೈಡರ್ 1980ರ ದಶಕದಲ್ಲಿ ಕೊಟ್ಟ ಯೋಚನೆ ಅದು. ಒಂದು ದಿಕ್ಕಿಗೆ ಕಡಿಮೆ ಕೊಟ್ಟರೆ ಪಕ್ಕದ ತಂತಿಗಳ ಗಲಾಟೆ ತಗ್ಗಿ ಇನ್ನೊಂದು ದಿಕ್ಕಿಗೆ ಬಹಳ ಹೆಚ್ಚು ಕೊಡಬಹುದು ಎಂಬ ಲೆಕ್ಕ. ಫೋನ್ ತಂತಿಯಲ್ಲಿ ಮನೆಗೆ ಸಿನಿಮಾ ಕಳಿಸಬೇಕು ಅನ್ನುವ ಆಸೆ ಆಗಿನ ಫೋನ್ ಕಂಪೆನಿಗಳಿಗೆ ಇತ್ತು. ಆ ತಂತಿಯ ಕಣ್ಣಲ್ಲೂ ನಾವು ಪ್ರೇಕ್ಷಕರೇ.

ಆದರೆ ಮುಂಬಯಿಯ ಎಲ್ಲ ಕೇಬಲ್ ಇಂಟರ್‌ನೆಟ್ಟೂ ಟಿವಿ ತಂತಿಯದ್ದಲ್ಲ. ಬಹಳಷ್ಟು ಗಲ್ಲಿಗಳಲ್ಲಿ ಲೋಕಲ್ ಕೇಬಲ್‌ನವರು ಬಿಲ್ಡಿಂಗಿನಿಂದ ಬಿಲ್ಡಿಂಗಿಗೆ ನೀಲಿ, ಬೂದು ಬಣ್ಣದ ಲ್ಯಾನ್ ವಯರ್ ಎಳೆದು, ತಾರಸಿಯಲ್ಲೋ ಮೆಟ್ಟಿಲ ಕೆಳಗೋ ಒಂದು ಸ್ವಿಚ್ ಕೂರಿಸಿ ಕನೆಕ್ಷನ್ ಕೊಟ್ಟರು. ಆಫೀಸಿನ ಕಂಪ್ಯೂಟರುಗಳನ್ನು ಜೋಡಿಸುವ ವಯರೇ ಅದು. ಅದಕ್ಕೆ ಎರಡೂ ದಿಕ್ಕು ಒಂದೇ. ಅಲ್ಲಿ ಮಿಕ್ಸಿಯ ನೆಪ ಹೇಳುವಂತಿಲ್ಲ. ಆದರೂ ಪ್ಲಾನ್‌ನಲ್ಲಿ ಡೌನ್‌ಲೋಡ್ 256, ಅಪ್‌ಲೋಡ್ 64 ಅಥವಾ 128 ಅಂತ ಸರ್ವರ್‌ನಲ್ಲಿ ಕಟ್ಟಿಹಾಕುತ್ತಿದ್ದರು. ಇಲ್ಲಿಗೆ ತಂತ್ರಜ್ಞಾನದ ಕಥೆ ಮುಗಿದು ವ್ಯಾಪಾರದ ಕಥೆ ಶುರುವಾಗುತ್ತದೆ. ಅದು ನನ್ನ ಸಬ್ಜೆಕ್ಟು.

ರಸೀದಿ ಬಾರದೆ ಸರಕು ಬಾರದು

ಬ್ಯಾಂಕಿನ ಶಾಖೆಗಳಿಗೆ ಆ ಕಾಲದಲ್ಲೇ ಲೀಸ್ಡ್ ಲೈನ್ ಇತ್ತು. 64 ಕೆಬಿಪಿಎಸ್ ಅಂದರೆ ಹೋಗಲೂ 64, ಬರಲೂ 64. ದುಡ್ಡು ಮಾತ್ರ ಕೈ ಸುಡುವಷ್ಟು. ಬ್ಯಾಂಕಿಗೆ ಕಳಿಸುವ ವೇಗ ಯಾಕೆ ಬೇಕು ಅಂತ ಯಾರೂ ಕೇಳಲಿಲ್ಲ. ಮುಂದೆ 2013ರಲ್ಲಿ ಮುಂಬಯಿಯಲ್ಲಿ ಚೆಕ್ ಟ್ರಂಕೇಶನ್ ಬಂದಾಗ ಒಂದೊಂದು ಚೆಕ್ಕಿಗೆ ಮೂರು ಮೂರು ಚಿತ್ರ ಕಳಿಸಬೇಕಾಯಿತು, ಮುಂಭಾಗದ್ದು ಎರಡು ಬಗೆ, ಹಿಂಭಾಗದ್ದು ಒಂದು. ಕಳಿಸುವ ದಾರಿ ಕಟ್ಟಿದರೆ ಕ್ಲಿಯರಿಂಗೇ ಇಲ್ಲ. ಕಚೇರಿ ಅಂದರೆ ಕಳಿಸುವ ಜಾಗ, ಮನೆ ಅಂದರೆ ನೋಡುವ ಜಾಗ, ಇದು ಆಗಿನ ದರಪಟ್ಟಿಯ ಹಿಂದಿದ್ದ ತತ್ವ. ಅಗ್ಗದ ಮನೆ ಕನೆಕ್ಷನ್‌ನಲ್ಲಿ ಅಪ್‌ಲೋಡನ್ನೂ ಧಾರಾಳವಾಗಿ ಕೊಟ್ಟರೆ ದುಬಾರಿ ಲೀಸ್ಡ್ ಲೈನ್ ಯಾರು ಕೊಳ್ಳುತ್ತಾರೆ? ಒಂದೇ ಅಕ್ಕಿಯನ್ನು ಎರಡು ಚೀಲದಲ್ಲಿ ಎರಡು ಬೆಲೆಗೆ ಮಾರಬೇಕಾದರೆ ಅಗ್ಗದ ಚೀಲದಲ್ಲಿ ಒಂದಿಷ್ಟು ನುಚ್ಚು ಬೆರೆಸಲೇಬೇಕು.

ಇದರಿಂದ ಮನೆಯಲ್ಲಿ ಆದದ್ದೇನು, ಲೆಕ್ಕ ಹಾಕೋಣ. 128 ಕೆಬಿಪಿಎಸ್ ಅಂದರೆ 128 ಸಾವಿರ ಬಿಟ್, ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ ಹೆಚ್ಚುಕಡಿಮೆ 16 ಕೆಬಿ. ಡಿಜಿಟಲ್ ಕ್ಯಾಮರಾದ 2 ಎಂಬಿ ಫೋಟೋ ಒಂದು ಕಳಿಸಲು ಎರಡು ನಿಮಿಷ ಚಿಲ್ಲರೆ. ದುಬೈಯಲ್ಲಿರುವ ತಮ್ಮನಿಗೆ ತಂಗಿಯ ಮದುವೆಯ 60 ಫೋಟೋ ಕಳಿಸಬೇಕಾದರೆ ಎರಡು ಗಂಟೆಗೂ ಮೇಲೆ, ಅದೂ ನಡುವೆ ಲೈನ್ ಹೋಗದಿದ್ದರೆ. ಆ ಎರಡು ಗಂಟೆ ಮನೆಯಲ್ಲಿ ಬೇರೆ ಯಾರೂ ಏನೂ ನೋಡುವ ಹಾಗಿಲ್ಲ. ಯಾಕೆಂದರೆ ಡೌನ್‌ಲೋಡ್‌ಗೂ ಅಪ್‌ಲೋಡ್ ಬೇಕು! ಇಂಟರ್‌ನೆಟ್ಟಿನಲ್ಲಿ ಒಂದಿಷ್ಟು ಸರಕು ಬಂದ ಮೇಲೆ "ತಲುಪಿತು" ಅಂತ ನಮ್ಮ ಕಂಪ್ಯೂಟರ್ ರಸೀದಿ ಕಳಿಸಬೇಕು, ಆಮೇಲೆ ಮುಂದಿನ ಕಂತು. ಹೋಗುವ ದಾರಿಯಲ್ಲಿ ಮದುವೆ ಫೋಟೋಗಳು ಅಡ್ಡ ನಿಂತರೆ ರಸೀದಿಗಳೂ ಕ್ಯೂನಲ್ಲಿ ನಿಲ್ಲುತ್ತವೆ, ಅತ್ತ ಸರಕೂ ನಿಲ್ಲುತ್ತದೆ. "ಸ್ಪೀಡೇ ಬರ್ತಿಲ್ಲ" ಅಂತ ನಾವು ಡೌನ್‌ಲೋಡನ್ನು ಬೈಯುವಾಗ ಎಷ್ಟೋ ಸಲ ಕಟ್ಟಿಕೊಂಡದ್ದು ಈ ಇನ್ನೊಂದು ಕೊಳವೆ.

ಅಕ್ಷರಕ್ಕೆ ಮಾತ್ರ ಈ ಕಷ್ಟ ಇರಲಿಲ್ಲ ನೋಡಿ. ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್ ಬೇಕು, ಇಂಗ್ಲಿಷಿನ ಮೂರರಷ್ಟು. ಆದರೂ ನೀವೀಗ ಓದುತ್ತಿರುವಷ್ಟು ಉದ್ದದ ಲೇಖನ 60 ಕೆಬಿಯ ಆಸುಪಾಸು, ಆ ಬಡಕಲು ಅಪ್‌ಲೋಡ್‌ನಲ್ಲೂ ನಾಲ್ಕು ಸೆಕೆಂಡಿನ ಕೆಲಸ. 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ಸಂಪದ, 2007ರಲ್ಲಿ ಕೆಂಡಸಂಪಿಗೆ ಹುಟ್ಟಿದವು. ಮುಂಬಯಿ, ದೋಹಾ, ನ್ಯೂಜೆರ್ಸಿಯಲ್ಲಿ ಕೂತ ಕನ್ನಡಿಗರು ಸಾಲು ಸಾಲಾಗಿ ಬರೆದರು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಆ ಕಿರಿದಾದ ಬಾಗಿಲಲ್ಲಿ ತಲೆ ತಗ್ಗಿಸದೆ ಹೊರಗೆ ಹೋಗಬಹುದಾಗಿದ್ದದ್ದು ಅಕ್ಷರ ಒಂದೇ ಅನ್ನುವುದೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಕಡಲು ದಾಟಿತು, ಗಲ್ಲಿ ದಾಟಲಿಲ್ಲ

ನಮಗೆ ಹೇಳುತ್ತಿದ್ದ ಸಬೂಬು ಏನೆಂದರೆ ದೇಶದಲ್ಲಿ ಬ್ಯಾಂಡ್‌ವಿಡ್ತ್ ಇಲ್ಲ, ವಿದೇಶದಿಂದ ಬರಬೇಕು ಅಂತ. ಅರ್ಧ ನಿಜ. 2008ರ ಜನವರಿ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಹತ್ತಿರ ಕಡಲ ಕೇಬಲ್‌ಗಳು ತುಂಡಾದಾಗ ಇಲ್ಲಿ ಇಂಟರ್‌ನೆಟ್ ಕುಂಟಿತು, ನಮ್ಮ ಜುಟ್ಟು ಎಲ್ಲೋ ದೂರದ ಸಮುದ್ರದಲ್ಲಿದೆ ಅಂತ ಆಗ ಎಲ್ಲರಿಗೂ ಗೊತ್ತಾಯಿತು.

ಆದರೆ ಕಡಲ ಕೇಬಲ್‌ನಲ್ಲಿ ಫೈಬರ್ ಎಳೆಗಳು ಜೋಡಿಯಾಗಿಯೇ ಇರುತ್ತವೆ, ಹೋಗಲು ಒಂದು, ಬರಲು ಒಂದು. ಅಲ್ಲಿ ಎರಡೂ ದಾರಿ ಸಮ. ಅಂಥ ಕೇಬಲ್‌ಗಳಲ್ಲಿ ಹಲವು ದಡ ಸೇರುವುದು ಎಲ್ಲಿ ಗೊತ್ತೇ? ನಮ್ಮ ಅಂಧೇರಿ ಪಶ್ಚಿಮದ ವರ್ಸೋವಾದಲ್ಲಿ! ಕೋಳಿಗಳು ಬೊಂಬಿಲ್ ಒಣಹಾಕುವ ಆ ಊರಿನ ಮರಳಿನಡಿಯಲ್ಲಿ ಯುರೋಪ್, ಕೊಲ್ಲಿ, ಸಿಂಗಪುರದ ಮಾತುಕತೆ ಹರಿಯುತ್ತದೆ. ಅಲ್ಲಿಂದ ನಾಲ್ಕು ಬಂಗಲೆ, ಡಿ.ಎನ್. ನಗರ, ಅಂಬೋಲಿಗೆ ಎಷ್ಟು ದೂರ? ರಿಕ್ಷಾದಲ್ಲಿ ಹೋದರೆ ಟ್ರಾಫಿಕ್ ಜಾಮ್ ಸೇರಿ ಅರ್ಧ ಗಂಟೆ. ಸಾವಿರಾರು ಮೈಲು ಸಮುದ್ರವನ್ನು ಸಮ ದಾರಿಯಲ್ಲಿ ದಾಟಿ ಬಂದದ್ದು ಕೊನೆಯ ಗಲ್ಲಿಯಲ್ಲಿ, ಮಾವಿನ ಮರಕ್ಕೆ ಜೋತುಬಿದ್ದ ವಯರ್‌ನಲ್ಲಿ ಒಂಟಿಗಾಲಾಯಿತು. ಮುಂಬಯಿಯ ಲಕ್ಷಾಂತರ ಮನೆಗಳ ಅಪ್‌ಲೋಡ್ ಸೊರಗಿದ್ದು ಆ ಕೊನೆಯ ಕೆಲವು ನೂರು ಅಡಿಗಳಲ್ಲಿ.

ಕಾನೂನಿನ ಪುಸ್ತಕದಲ್ಲೂ ಒಂದೇ ಕಾಲಂ

2004ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಬ್ರಾಡ್‌ಬ್ಯಾಂಡ್ ನೀತಿ ಪ್ರಕಟಿಸಿತು. ಬ್ರಾಡ್‌ಬ್ಯಾಂಡ್ ಅಂದರೇನು? ಸದಾ ಜೀವಂತವಿರುವ, ಕನಿಷ್ಠ 256 ಕೆಬಿಪಿಎಸ್ ಡೌನ್‌ಲೋಡ್ ವೇಗ ಕೊಡಬಲ್ಲ ಸಂಪರ್ಕ. ಅಪ್‌ಲೋಡ್ ಕನಿಷ್ಠ ಎಷ್ಟಿರಬೇಕು? ಆ ವ್ಯಾಖ್ಯೆಯಲ್ಲಿ ಅದಕ್ಕೆ ಸಂಖ್ಯೆಯೇ ಇಲ್ಲ.

2013ರ ಜುಲೈಯಲ್ಲಿ ಇದನ್ನು ಪರಿಷ್ಕರಿಸಿ 512 ಮಾಡಿದರು. ಆಗಲೂ ಡೌನ್‌ಲೋಡ್ ಮಾತ್ರ. ಅದೇ ತಿಂಗಳು 14ರಂದು ದೇಶದಲ್ಲಿ ಕೊನೆಯ ಟೆಲಿಗ್ರಾಂ ಸ್ವೀಕರಿಸಿ ತಂತಿ ಸೇವೆಯನ್ನು ಮುಚ್ಚಿದರು. ಹೋಗುವ, ಬರುವ ಸುದ್ದಿಯನ್ನು ಒಂದೇ ಕಣ್ಣಿನಿಂದ ನೋಡಿದ ಹಳೆಯ ತಂತಿ ಸತ್ತ ತಿಂಗಳಲ್ಲೇ ಹೊಸ ತಂತಿಯ ಒಂಟಿ ಕಾಲಂ ಮತ್ತೊಮ್ಮೆ ಮಂಜೂರಾಯಿತು. ಕಾಕತಾಳೀಯವೇ, ಆದರೆ ನನಗೆ ಮರೆಯಲಾಗದ್ದು. 2023ರ ಜನವರಿಯಲ್ಲಿ ಕನಿಷ್ಠ ವೇಗವನ್ನು 2 ಎಂಬಿಪಿಎಸ್‌ಗೆ ಏರಿಸಿದರು. ಅದೂ ಡೌನ್‌ಲೋಡ್‌ನದ್ದೇ.

ಬೇರೆ ಕಡೆ ಹೇಗೆ? ಅಮೆರಿಕದ ಸಂಪರ್ಕ ಆಯೋಗ 2015ರಲ್ಲಿ ಡೌನ್‌ಲೋಡ್ 25, ಅಪ್‌ಲೋಡ್ 3 ಎಂಬಿಪಿಎಸ್ ಅಂತ ಎರಡು ಸಂಖ್ಯೆ ಇಟ್ಟಿತು. 2024ರಲ್ಲಿ ಅದನ್ನು 100 ಮತ್ತು 20 ಮಾಡಿತು. ಸಮವಲ್ಲ ನಿಜ, ಆದರೆ ಎರಡನೆಯ ಕಾಲಂನಲ್ಲಿ ಏನೋ ಒಂದು ಬರೆದಿದ್ದಾರೆ. ಖಾಲಿ ಬಿಟ್ಟ ಕಾಲಂನಲ್ಲಿ ಯಾರು ಏನು ಬೇಕಾದರೂ ತುಂಬಬಹುದು ಅನ್ನುವುದು ಬ್ಯಾಂಕಿನಲ್ಲಿ ಚೆಕ್ ಬರೆಯಲು ಕಲಿಸುವ ಮೊದಲ ಪಾಠ.

"ಅಪ್‌ಲೋಡ್ ಲೇಕೆ ಕ್ಯಾ ಕರೋಗೆ ಅಂಕಲ್?"

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಈ ಖಾಲಿ ಕಾಲಂ ಇದ್ದಕ್ಕಿದ್ದ ಹಾಗೆ ಎಲ್ಲರ ಮನೆಯ ಸಮಸ್ಯೆಯಾಯಿತು. ಮಕ್ಕಳ ಕ್ಲಾಸು, ಆಫೀಸಿನ ಮೀಟಿಂಗು, ಕನ್ನಡ ಸಂಘಗಳ ಕಾರ್ಯಕ್ರಮ, ಭಜನೆ, ತಾಳಮದ್ದಳೆ ಎಲ್ಲವೂ ಪರದೆಯ ಮೇಲೆ. ವಿಡಿಯೋ ಕಾಲ್ ಅಂದರೆ ಮನೆಯಿಂದ ಒಂದೊಂದು ಮುಖ ಹೊರಗೆ ಹೋಗಲು ಒಂದೆರಡು ಎಂಬಿಪಿಎಸ್ ಬೇಕು. ನಮ್ಮ ಮನೆಯ ಪ್ಲಾನ್‌ನಲ್ಲಿ ಡೌನ್‌ಲೋಡ್ 50, ಅಪ್‌ಲೋಡ್ 2. ಮಗಳ ಆಫೀಸು, ಮಗನ ಕಾಲೇಜು ಅದನ್ನು ಹಂಚಿಕೊಂಡರೆ ಉಳಿದದ್ದು ಸೊನ್ನೆ. ನಾನು ಬ್ಯಾಂಕಿಗೆ ಹೋಗಲೇಬೇಕಿತ್ತು, ಸಂಜೆ ಬಂದು ಸ್ನಾನ ಮಾಡಿ ಊರಿಗೆ ವಿಡಿಯೋ ಕಾಲ್ ಮಾಡುವುದು ವಾಡಿಕೆ. ಕುಂದಾಪುರದ ಕಡೆಯ ಮನೆಯಲ್ಲಿ ಅಣ್ಣನ ಮಗ ಮೊಬೈಲ್ ಹಿಡಿದು ಅಮ್ಮನ ಎದುರು ಕೂರುತ್ತಿದ್ದ. ನಮಗೆ ಅಮ್ಮ ಕಾಣುತ್ತಿದ್ದಳು. ಹಣೆಯ ಗೆರೆ, ಹಿಂದಿನ ಕ್ಯಾಲೆಂಡರ್ ಎಲ್ಲ ಸ್ಪಷ್ಟ. ಅಮ್ಮನಿಗೆ ನಾವು ಕಾಣುತ್ತಿರಲಿಲ್ಲ. ಅವಳ ಪರದೆಯಲ್ಲಿ ನಾನು ಬಾಯಿ ಅರ್ಧ ತೆರೆದ ಬೊಂಬೆ. "ಎಂತ ಮಗಾ, ಮಾತಾಡ್ದೆ ಸುಮ್ನೆ ಕೂಕಂಡಿದ್ದೆ?" ಅಂತ ಕೇಳುತ್ತಿದ್ದಳು. ನಾನು ಮಾತಾಡುತ್ತಲೇ ಇದ್ದೆ. ಎಂಬತ್ತು ದಾಟಿದವಳು, ರೋಗದ ಸುದ್ದಿ ಕೇಳಿ ದಿನಾ ಹೆದರುತ್ತಿದ್ದವಳು. ಬ್ಯಾಂಕಿಗೆ ಹೋಗುವ ಮಗ ನೆಟ್ಟಗಿದ್ದಾನೆ ಅಂತ ಕಣ್ಣಾರೆ ನೋಡುವುದು ಅವಳಿಗೆ ಬೇಕಿತ್ತು. ಈ ಎರಡನೆಯ ಸಂಖ್ಯೆಯ ಬೆಲೆ ನನಗೆ ತಿಳಿದದ್ದು ಅಲ್ಲಿ.

ಕೇಬಲ್ ಕಂಪೆನಿಗೆ ದೂರು ಕೊಟ್ಟೆ. ಬಂದ ಹುಡುಗ ಲ್ಯಾಪ್‌ಟಾಪ್ ತೆಗೆದು ಸ್ಪೀಡ್ ಟೆಸ್ಟ್ ಮಾಡಿ, "ಪಚಾಸ್ ಬರಾಬರ್ ಆ ರಹಾ ಹೈ" ಅಂದ. ಅಪ್‌ಲೋಡ್ ತೋರಿಸಿದೆ. ಅವನು ನಿಜವಾಗಿಯೂ ಆಶ್ಚರ್ಯಪಟ್ಟು ಕೇಳಿದ: "ಅಪ್‌ಲೋಡ್ ಲೇಕೆ ಕ್ಯಾ ಕರೋಗೆ ಅಂಕಲ್?" ಅದನ್ನು ಇಟ್ಟುಕೊಂಡು ಏನು ಮಾಡ್ತೀರಿ ಅಂತ! ಅವನ ತಪ್ಪಿಲ್ಲ. ವಿಸಿಆರ್ ಇಟ್ಟ ಹುಡುಗನಿಂದ ಹಿಡಿದು 2004ರ ನೀತಿ ಬರೆದವರವರೆಗೆ ಎಲ್ಲರ ತಲೆಯಲ್ಲಿದ್ದ ಪ್ರಶ್ನೆಯನ್ನೇ ಅವನು ಬಾಯಿಬಿಟ್ಟು ಕೇಳಿದ, ಅಷ್ಟೆ.

ದೂರಿನ ನಂಬರುಗಳು ಐದಾರು ಸೇರಿದ ಮೇಲೆ ಅವರೇ ಹೇಳಿದರು, ಈ ತಂತಿಯಲ್ಲಿ ಇದಕ್ಕಿಂತ ಹೆಚ್ಚು ಆಗುವುದಿಲ್ಲ, ಬಿಲ್ಡಿಂಗಿಗೆ ಫೈಬರ್ ಬರಬೇಕು ಅಂತ. ಫೈಬರ್ ಬರಬೇಕಾದರೆ ಸೊಸೈಟಿಯ ಒಪ್ಪಿಗೆ ಬೇಕು. ಮುಂಬಯಿಯಲ್ಲಿ ಕಡಲ ತಳದಲ್ಲಿ ಕೇಬಲ್ ಹಾಸುವುದು ಸುಲಭ, ಸೊಸೈಟಿ ಕಮಿಟಿಯ ಒಪ್ಪಿಗೆ ಪಡೆಯುವುದು ಕಷ್ಟ! ಗೋಡೆಗೆ ತೂತು ಬೀಳುತ್ತದೆ ಅಂದರು ಒಬ್ಬರು, ಒಂದೇ ಕಂಪೆನಿಗೆ ಕೊಟ್ಟರೆ ಅವನದೇ ದರ್ಬಾರಾಗುತ್ತದೆ ಅಂದರು ಇನ್ನೊಬ್ಬರು. ಎರಡನೆಯ ಮಾತು ಸರಿಯೇ ಇತ್ತು. ಕೊನೆಗೆ ಇಬ್ಬರಿಗೆ ಒಪ್ಪಿಗೆ ಕೊಡುವುದು, ಹಳೆಯ ಸತ್ತ ವಯರ್‌ಗಳನ್ನೆಲ್ಲ ಅವರೇ ತೆಗೆಯಬೇಕು ಅಂತ ಷರತ್ತು ಹಾಕುವುದು ಎಂದು ತೀರ್ಮಾನವಾಯಿತು. ದೀಪಾವಳಿಗೆ ಮುಂಚೆ ಫೈಬರ್ ಬಂತು.

ಅದೇ ವರ್ಷ ಮಾರುಕಟ್ಟೆಯೂ ತಿರುಗಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಶುರುವಾಗಿದ್ದ ಜಿಯೋಫೈಬರ್, 2020ರ ಆಗಸ್ಟ್ ಕೊನೆಗೆ 399 ರೂಪಾಯಿಯಿಂದ ಆರಂಭವಾಗುವ ಪ್ಲಾನ್‌ಗಳನ್ನು ಪ್ರಕಟಿಸುವಾಗ ಅಪ್‌ಲೋಡ್ ವೇಗವೂ ಡೌನ್‌ಲೋಡ್‌ನಷ್ಟೇ ಎಂದು ಜಾಹೀರಾತಿನಲ್ಲೇ ಹೇಳಿತು. ಎರಡನೆಯ ಕಾಲಂ ಜಾಹೀರಾತಿಗೆ ಏರಿದ್ದನ್ನು ನಾನು ಕಂಡದ್ದು ಆಗಲೇ. ಸರಕಾರ ಬರೆಯದ ಸಂಖ್ಯೆಯನ್ನು ಪೈಪೋಟಿ ಬರೆಸಿತು. ಆದರೆ ಪೈಪೋಟಿ ಬರೆಸಿದ್ದನ್ನು ಪೈಪೋಟಿ ಇಲ್ಲದ ದಿನ ಯಾರು ಕಾಯುತ್ತಾರೆ? ಅದಕ್ಕೇ ಕಾನೂನಿನ ಆ ಕಾಲಂ ಖಾಲಿ ಇರುವುದು ನನಗೆ ಇನ್ನೂ ಚುಚ್ಚುತ್ತದೆ.

ಫೈಬರ್‌ನಲ್ಲೂ ಕಿವಿಮಾತು ಉಂಟು. ಸಾಮಾನ್ಯವಾಗಿ ಮನೆಗೆ ಬರುವ ಜಿಪಾನ್ ಫೈಬರ್ ಒಂದು ಗುಂಪಿನ ಮನೆಗಳಿಗೆಲ್ಲ ಸೇರಿ ಸುಮಾರು 2.5 ಗಿಗಾಬಿಟ್ ತರುತ್ತದೆ, ಒಯ್ಯುವುದು ಅದರ ಅರ್ಧ. ಆದರೆ ಬೆಳಕಿಗೆ ಮಿಕ್ಸಿಯ ಹಂಗಿಲ್ಲ, ಮನೆಗೆ ನೂರರಷ್ಟು ಸಮವಾಗಿ ಕೊಡಲು ಅದು ಧಾರಾಳ ಸಾಕು. ಆದ್ದರಿಂದ ಹೊಸ ಕನೆಕ್ಷನ್ ಹಾಕಿಸುವವರು ಮೂರು ವಿಷಯ ವಿಚಾರಿಸಿ. ಮನೆಯೊಳಗೆ ಬರುವುದು ಟಿವಿಯ ದಪ್ಪ ತಂತಿಯೋ, ಲ್ಯಾನ್ ವಯರೋ, ಫೈಬರೋ? ಅಪ್‌ಲೋಡ್ ಎಷ್ಟು ಅಂತ ಬಿಲ್ಲಿನಲ್ಲೋ ಇಮೇಲ್‌ನಲ್ಲೋ ಬರೆದು ಕೊಡುತ್ತಾರೋ? ಪರೀಕ್ಷೆ ಮಾಡುವಾಗ ವೈಫೈ ಬಿಟ್ಟು ನೇರ ವಯರ್ ಸಿಕ್ಕಿಸಿ, ರಾತ್ರಿ ಒಂಬತ್ತಕ್ಕೆ ಒಮ್ಮೆ, ಬೆಳಿಗ್ಗೆ ಆರಕ್ಕೆ ಒಮ್ಮೆ ನೋಡಿ. ಎರಡಕ್ಕೂ ಅಜಗಜಾಂತರವಿದ್ದರೆ ನಿಮ್ಮ ದಾರಿಯಲ್ಲಿ ಜನ ಜಾಸ್ತಿ ಅಂತ ಅರ್ಥ. ಹಳೆಯ ಟಿವಿ ತಂತಿಯೇ ಗತಿ ಅನ್ನುವವರು ಮನೆಯೊಳಗಿನ ಹಳೆಯ ಸ್ಪ್ಲಿಟರ್, ತುಕ್ಕು ಹಿಡಿದ ಜಾಯಿಂಟ್‌ಗಳನ್ನು ಮೊದಲು ಬದಲಾಯಿಸಿ, ಎಷ್ಟೋ ಸಲ ಅಷ್ಟರಲ್ಲೇ ಅಪ್‌ಲೋಡ್ ಚೇತರಿಸಿಕೊಳ್ಳುತ್ತದೆ.

ಆ ವರ್ಷದ ದೀಪಾವಳಿಯ ಸಂಜೆ ಅಮ್ಮ ಪರದೆಯನ್ನು ಬಹಳ ಹೊತ್ತು ನೋಡಿದಳು. ಮಾತಿಗಿಂತ ಮೊದಲು "ಸಪೂರ ಆಯ್ದೆ ಮಗಾ" ಅಂದಳು. ಸೊರಗಿದ್ದೇನೆ ಅಂತ ಅವಳಿಗೆ ಗೊತ್ತಾಗುವಷ್ಟು ಸ್ಪಷ್ಟವಾಗಿ ನಾನು ಊರು ತಲುಪಿದ್ದೆ.

ದಾರಿ ಕಟ್ಟುವವರು ಎದುರಿಗಿರುವವನು ಯಾರು ಅಂತ ಮೊದಲೇ ಊಹಿಸಿ ಕಟ್ಟುತ್ತಾರೆ. ನಮ್ಮನ್ನು ನೋಡುಗರು ಅಂತ ಊಹಿಸಿದರು, ಆ ಊಹೆ ತಂತಿಯಲ್ಲಿ, ದರಪಟ್ಟಿಯಲ್ಲಿ, ಕಾನೂನಿನಲ್ಲಿ ಇಪ್ಪತ್ತು ವರ್ಷ ಗಟ್ಟಿಯಾಗಿ ಕೂತಿತು. ಊರು ಬಿಟ್ಟು ಬಂದವರಾದ ನಮಗೆ ಕಳಿಸುವುದು ಹುಟ್ಟುಗುಣ. ಮುಂದಿನ ಸಲ ಕೇಬಲ್‌ನವನು ಬಾಗಿಲು ತಟ್ಟಿ ದೊಡ್ಡ ಸಂಖ್ಯೆಯೊಂದನ್ನು ಹೇಳಿದಾಗ ಅದನ್ನು ಬರೆದುಕೊಳ್ಳಿ, ಆಮೇಲೆ ಪೆನ್ನು ಎತ್ತದೆ ಇನ್ನೊಂದನ್ನೂ ಕೇಳಿ ಬರೆದುಕೊಳ್ಳಿ.